ಎಂ. ವಿಶ್ವೇಶ್ವರಯ್ಯ

ಸರ್ ಮೋಕ್ಷಗುಂಡಂ ವಿಶ್ವೇಶ್ವರಯ್ಯ (15 ಸೆಪ್ಟೆಂಬರ್ 1861 – ಏಪ್ರಿಲ್ 1962) ಭಾರತದ ಹೆಸರಾಂತ ಎಂಜಿನಿಯರ್ ಹಾಗೂ ಮೈಸೂರು ಸಂಸ್ಥಾನದ ದಿವಾನರು. ಕನ್ನಂಬಾಡಿ ಕಟ್ಟೆಯೊಂದಿಗೆ ಅವರನ್ನು ನೆನೆಯುವುದು ರೂಢಿ. ಸ್ವಯಂಚಾಲಿತ ಯಂತ್ರವ್ಯವಸ್ಥೆ ಮತ್ತು ತಾಂತ್ರಿಕ ಶಿಕ್ಷಣದಲ್ಲಿ ಅವರು ಮಾಡಿದ ಕೆಲಸ ಅಷ್ಟಾಗಿ ಪ್ರಚಾರದಲ್ಲಿಲ್ಲ.

ಹುಟ್ಟೂರು ಚಿಕ್ಕಬಳ್ಳಾಪುರದ ಬಳಿಯ ಮುದ್ದೇನಹಳ್ಳಿ. ಬಾಲ್ಯದಲ್ಲೇ ತಂದೆಯನ್ನು ಕಳೆದುಕೊಂಡ ಅವರು 1881ರಲ್ಲಿ ಬೆಂಗಳೂರಿನ ಸೆಂಟ್ರಲ್ ಕಾಲೇಜಿನಿಂದ ಬಿ.ಎ. ಪದವಿ ಪಡೆದರು. ಎಂಜಿನಿಯರಿಂಗ್ ಕಲಿಯಲು ಆಗ ಮೈಸೂರು ಸೀಮೆಯಲ್ಲಿ ಕಾಲೇಜೇ ಇರಲಿಲ್ಲ. ಸಂಸ್ಥಾನದ ವಿದ್ಯಾರ್ಥಿವೇತನದಿಂದ ಪುಣೆಗೆ ಹೋಗಿ ಓದಿ, 1884ರಲ್ಲಿ ಮುಂಬಯಿ ಸರ್ಕಾರದ ಲೋಕೋಪಯೋಗಿ ಇಲಾಖೆ ಸೇರಿದರು.

ಸ್ವಯಂಚಾಲಿತ ಬಾಗಿಲುಗಳು

ಪುಣೆಯ ಬಳಿಯ ಖಡಕ್‌ವಾಸ್ಲಾ ಜಲಾಶಯದಲ್ಲಿ ಪ್ರತಿ ಮಳೆಗಾಲವೂ ಕೋಡಿಯ ಮೇಲೆ ನೀರು ಹರಿದು ವ್ಯರ್ಥವಾಗುತ್ತಿತ್ತು. ಕಟ್ಟೆಯನ್ನು ಎತ್ತರಿಸದೆ ಹೆಚ್ಚು ನೀರು ನಿಲ್ಲಿಸುವುದು ಹೇಗೆ ಎಂಬುದು ಪ್ರಶ್ನೆ. ವಿಶ್ವೇಶ್ವರಯ್ಯನವರು ಕೋಡಿಯ ಮೇಲೆ ಬಾಗಿಲುಗಳನ್ನಿಟ್ಟು, ಅವುಗಳಿಗೆ ಎದುರು ತೂಕಗಳನ್ನು ಜೋಡಿಸಿದರು. ನೀರು ನಿಗದಿತ ಮಟ್ಟ ಮೀರಿದೊಡನೆ ಬಾಗಿಲುಗಳು ತಾವಾಗಿ ತೆರೆದು, ಮಟ್ಟ ಇಳಿದಾಗ ತಾವಾಗಿಯೇ ಮುಚ್ಚಿಕೊಳ್ಳುತ್ತಿದ್ದವು. ಸುಮಾರು 8 ಅಡಿಯಷ್ಟು ಹೆಚ್ಚಿನ ನೀರು ಹೀಗೆ ಉಳಿಯಿತು. 1903ರಲ್ಲಿ ಅಳವಡಿಸಿದ ಈ ವ್ಯವಸ್ಥೆಗೆ ಕಾವಲುಗಾರನಾಗಲಿ ವಿದ್ಯುತ್ತಾಗಲಿ ಬೇಕಿರಲಿಲ್ಲ. ರೋಬಾಟ್ ಎಂಬ ಪದ ಕಾರೆಲ್ ಚಾಪೆಕ್‌ನ ನಾಟಕದಲ್ಲಿ ಕಾಣಿಸಿಕೊಂಡದ್ದು 1920ರಲ್ಲಿ. ಪರಿಸರದ ಬದಲಾವಣೆಯನ್ನು ಗ್ರಹಿಸಿ ತಾನೇ ವರ್ತಿಸುವ ಯಂತ್ರದ ತತ್ತ್ವ ಅದಕ್ಕೂ ಮೊದಲೇ ಇಲ್ಲಿ ಕೆಲಸ ಮಾಡುತ್ತಿತ್ತು. ಈ ವಿನ್ಯಾಸಕ್ಕೆ ಪೇಟೆಂಟ್ ಪಡೆದರೂ, ಸರ್ಕಾರಿ ನೌಕರಿಯಲ್ಲಿದ್ದಾಗ ಮಾಡಿದ್ದೆಂಬ ಕಾರಣಕ್ಕೆ ಅವರು ಗೌರವಧನ ಸ್ವೀಕರಿಸಲಿಲ್ಲ. ಮುಂದೆ ಗ್ವಾಲಿಯರ್‌ನ ತಿಗ್ರಾ ಹಾಗೂ ಕೃಷ್ಣರಾಜಸಾಗರಗಳಲ್ಲೂ ಇಂತಹ ಬಾಗಿಲುಗಳು ಬಂದವು.

ಶಿಕ್ಷಣ

1909ರಲ್ಲಿ ಮೈಸೂರಿನ ಮುಖ್ಯ ಎಂಜಿನಿಯರಾದ ಅವರು 1912ರಿಂದ 1918ರವರೆಗೆ ದಿವಾನರಾಗಿದ್ದರು. 1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯವೂ ಮರುವರ್ಷ ಬೆಂಗಳೂರಿನಲ್ಲಿ ಎಂಜಿನಿಯರಿಂಗ್ ಕಾಲೇಜೂ ಆರಂಭವಾದವು. ತಾವು ಪುಣೆಗೆ ಹೋಗಬೇಕಾಗಿ ಬಂದದ್ದು ಮುಂದಿನವರಿಗೆ ತಪ್ಪಿತು. ಆದರೆ ಆಗ ಮದ್ರಾಸ್ ಪ್ರಾಂತ್ಯಕ್ಕೆ ಸೇರಿದ್ದ ಕುಂದಾಪುರ, ಬೈಂದೂರು, ಬ್ರಹ್ಮಾವರಗಳು ಈ ಸಂಸ್ಥಾನದ ಹೊರಗಿದ್ದವು. ಬೈಂದೂರಿಗೆ ಉತ್ತರದ ಭಟ್ಕಳದಲ್ಲಿ ಮೈಸೂರಿಗಾಗಿ ಬಂದರು ಬೆಳೆಸಿ ರೈಲುಮಾರ್ಗ ಹಾಕಿಸಬೇಕೆಂಬ ಅವರ ಯೋಜನೆ ಕೈಗೂಡಲಿಲ್ಲ. ಕೈಗೂಡಿದ್ದರೆ ಈ ಕರಾವಳಿಯ ಚಿತ್ರವೇ ಬೇರೆಯಾಗುತ್ತಿತ್ತು.

ಸರ್ಕಾರಿ ನೌಕರಿಯಲ್ಲಿ ಹಿಂದುಳಿದ ವರ್ಗಗಳಿಗೆ ಮೀಸಲಾತಿ ನೀಡುವ ವಿಚಾರದಲ್ಲಿ ಮಹಾರಾಜರೊಂದಿಗೆ ಭಿನ್ನಾಭಿಪ್ರಾಯ ಉಂಟಾಗಿ ಅವರು ದಿವಾನಗಿರಿಯನ್ನು ಬಿಟ್ಟರು. ಅರ್ಹತೆಯೊಂದೇ ಮಾನದಂಡವೆಂಬುದು ಅವರ ನಿಲುವು. ಓದುವ ಅವಕಾಶವೇ ದೊರೆಯದವರ ಪ್ರಶ್ನೆಗೆ ಅದರಲ್ಲಿ ಸಾಕಷ್ಟು ಉತ್ತರವಿರಲಿಲ್ಲ ಎಂಬುದನ್ನು ಅವರ ಅಭಿಮಾನಿಗಳೂ ಒಪ್ಪಬೇಕಾಗುತ್ತದೆ.

ಭದ್ರಾವತಿಯ ಕಬ್ಬಿಣದ ಕಾರ್ಖಾನೆಯನ್ನು ನಡೆಸಿದ್ದಕ್ಕಾಗಿ ಸಲ್ಲಬೇಕಿದ್ದ ಹಣವನ್ನು ಅವರು ವೃತ್ತಿಶಿಕ್ಷಣ ಸಂಸ್ಥೆಗೆ ಬಿಟ್ಟುಕೊಟ್ಟರು. 1943ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಆ ಸಂಸ್ಥೆ ಜಯಚಾಮರಾಜೇಂದ್ರರ ಹೆಸರನ್ನು ಹೊತ್ತಿದೆ. 1955ರಲ್ಲಿ ಅವರಿಗೆ ಭಾರತರತ್ನ ಸಂದಿತು. ಸೆಪ್ಟೆಂಬರ್ 15 ಎಂಜಿನಿಯರುಗಳ ದಿನ. 1998ರಲ್ಲಿ ಸ್ಥಾಪನೆಯಾದ ಬೆಳಗಾವಿಯ ತಾಂತ್ರಿಕ ವಿಶ್ವವಿದ್ಯಾಲಯಕ್ಕೂ ಅವರ ಹೆಸರಿದ್ದು, ಕುಂದಾಪುರದ ಮೂಡ್ಲಕಟ್ಟೆಯ ಕಾಲೇಜು ಅದರ ಸಂಯೋಜನೆಗೆ ಒಳಪಟ್ಟಿದೆ.