ಡಬಲ್ ಬಾಸ್ ವಾದ್ಯಕ್ಕೆ ಗೌರವ ತಂದಿತ್ತ ಡ್ರಾಗೊನೆಟ್ಟಿ

ನಮ್ಮ ಸಂಗೀತ ಕಛೇರಿಗಳ ಆಹ್ವಾನ ಪತ್ರಿಕೆಯಲ್ಲಿ ಗಾಯಕರ ಹೆಸರು ದಪ್ಪಕ್ಷರದಲ್ಲಿರುತ್ತದೆ. ಪಿಟೀಲು, ಮೃದಂಗ, ಘಟ ವಾದಕರ ಹೆಸರುಗಳು ಅದರ ಕೆಳಗೆ ಕ್ರಮವಾಗಿ ಬರುತ್ತವೆ. ತಂಬೂರಿ ಮೀಟುವವರ ಹೆಸರು ಬಹುಮಟ್ಟಿಗೆ ಇರುವುದೇ ಇಲ್ಲ. ಆದರೆ ಆ ತಂಬೂರಿ ಅರೆನಿಮಿಷ ನಿಂತರೆ ಸಭೆಯಲ್ಲಿ ಕುಳಿತ ಎಲ್ಲರಿಗೂ ಏನೋ ಕೊರತೆಯಾದುದು ತಿಳಿದುಬಿಡುತ್ತದೆ. ಪಾಶ್ಚಾತ್ಯ ವಾದ್ಯವೃಂದದಲ್ಲಿ ಡಬಲ್ ಬಾಸ್ ಎಂಬ ವಾದ್ಯದ ಪಾಡೂ ಬಹುಕಾಲ ಹೆಚ್ಚುಕಡಿಮೆ ಹೀಗೆಯೇ ಇತ್ತು. ತಂಬೂರಿಯಂತೆ ಅದು ಶ್ರುತಿಯನ್ನಷ್ಟೇ ಹಿಡಿಯುವುದಿಲ್ಲ, ನಿಜ. ಆದರೂ ಇಡೀ ಗಾನಸೌಧದ ಅಡಿಪಾಯವನ್ನು ಹೊತ್ತು ನಿಂತು ಯಾರ ಕಣ್ಣಿಗೂ ಬೀಳದಿರುವುದೇ ಅದರ ಕಾಯಕವೆಂದು ಎಲ್ಲರೂ ಭಾವಿಸಿದ್ದರು. ಆ ಭಾವನೆಯನ್ನು ತನ್ನೊಬ್ಬನ ಕೈಚಳಕದಿಂದಲೂ ಹಟದಿಂದಲೂ ಬದಲಿಸಿದ ವೆನಿಸ್ಸಿನ ಕಲಾವಿದ ಡೊಮೆನಿಕೊ ಡ್ರಾಗೊನೆಟ್ಟಿಯ ಜೀವನವನ್ನು ಇಲ್ಲಿ ನಮ್ಮ ಓದುಗರ ಮುಂದಿಡುತ್ತಿದ್ದೇವೆ.

ಮುಂಬಯಿಯ ನರಿಮನ್ ಪಾಯಿಂಟಿನ ಎನ್‌ಸಿಪಿಎ ಸಂಸ್ಥೆಯಲ್ಲಿ 2006ರಲ್ಲಿ ಸ್ಥಾಪನೆಗೊಂಡ ಸಿಂಫನಿ ಆರ್ಕೆಸ್ಟ್ರಾ ಆಫ್ ಇಂಡಿಯಾದ ಕಾರ್ಯಕ್ರಮಗಳಿಗೆ ಮಕ್ಕಳೊಡನೆ ಹೋದವರು ಈ ವಾದ್ಯವನ್ನು ಕಂಡೇ ಇರುತ್ತಾರೆ. ಪಿಟೀಲಿನ ಆಕಾರದಲ್ಲಿಯೇ ಇದ್ದು, ಆಳೆತ್ತರಕ್ಕೆ ಬೆಳೆದು, ನೆಲದ ಮೇಲೆ ಒಂದು ಕಾಲೂರಿ ನಿಂತಿರುವ ವಾದ್ಯವದು. ವಾದಕರು ಅದನ್ನು ಅಪ್ಪಿಕೊಂಡಂತೆ ನಿಂತೋ, ಎತ್ತರದ ಪೀಠದ ಮೇಲೆ ಕುಳಿತೋ ನುಡಿಸುತ್ತಾರೆ. ಇಂದಿನ ವಾದ್ಯಗಳಲ್ಲಿ ಸಾಮಾನ್ಯವಾಗಿ 4 ತಂತಿಗಳು. ಅತ್ಯಂತ ಕೆಳಗಿನ ತಂತಿ ಕ್ಷಣಕ್ಕೆ ಸುಮಾರು 41 ಬಾರಿ ಮಿಡಿಯುತ್ತದೆ. ಅದರ ಸ್ವರಗಳು ಬರೆದುದಕ್ಕಿಂತ ಒಂದು ಸ್ಥಾಯಿ ಕೆಳಗೆ ಕೇಳಿಬರುತ್ತವೆ. ಪಿಟೀಲಿನ ತಂತಿಗಳು ಐದೈದು ಸ್ವರಗಳ ಅಂತರದಲ್ಲಿ ಶ್ರುತಿಗೊಂಡರೆ, ಬಾಸಿನ ತಂತಿಗಳು ನಾಲ್ಕು ನಾಲ್ಕರ ಅಂತರದಲ್ಲಿರುತ್ತವೆ. ಕಾರಣ ಸರಳ: ತಂತಿ ಉದ್ದವಾದಷ್ಟೂ ಸ್ವರದಿಂದ ಸ್ವರಕ್ಕೆ ಬೆರಳು ಕ್ರಮಿಸಬೇಕಾದ ದಾರಿ ದೊಡ್ಡದು, ಐದು ಸ್ವರಗಳ ಅಂತರವಿಟ್ಟರೆ ಕೈ ಸದಾ ಮೇಲೆ ಕೆಳಗೆ ಓಡುತ್ತಿರಬೇಕಾಗುತ್ತದೆ.

ಇಂಥ ವಾದ್ಯದ ಮಗ್ಗುಲಲ್ಲಿಯೇ ಡ್ರಾಗೊನೆಟ್ಟಿ ಬೆಳೆದನು. ಅವನು ಹುಟ್ಟಿದ್ದು 1763ರ ಏಪ್ರಿಲ್ 7ರಂದು, ವೆನಿಸ್ ನಗರದಲ್ಲಿ. ತಂದೆ ಪಿಯೆತ್ರೊ ಕ್ಷೌರಿಕ. ಜೊತೆಗೆ ಸಂಗೀತಗಾರನೂ ಹೌದು. ಮನೆಯಲ್ಲಿದ್ದ ಬಾಸನ್ನೂ ಗಿಟಾರನ್ನೂ ಹುಡುಗನು ತನ್ನಷ್ಟಕ್ಕೆ ತಾನೇ ನುಡಿಸುತ್ತ ಕಲಿತನು. ತನಗಿಂತ ಎತ್ತರದ ವಾದ್ಯದ ಮುಂದೆ ನಿಂತ ಆ ಬಾಲಕನನ್ನು ನಾವು ಊಹಿಸಿಕೊಳ್ಳಬಹುದು. ಹನ್ನೆರಡರ ಪ್ರಾಯದಲ್ಲಿ ಅವನನ್ನು ವೆನಿಸ್ಸಿನ ಶ್ರೇಷ್ಠ ಬಾಸ್ ವಾದಕನಾದ ಬೆರಿನಿಯ ಬಳಿ ಪಾಠಕ್ಕೆ ಬಿಟ್ಟರು. ಹನ್ನೊಂದು ಪಾಠಗಳಾದ ಮೇಲೆ ತನಗೆ ಹೇಳಿಕೊಡಲು ಇನ್ನೇನೂ ಉಳಿದಿಲ್ಲವೆಂದು ಗುರುವು ಕೈಬಿಟ್ಟನೆಂದು ಅವನ ಹಳೆಯ ಚರಿತ್ರಕಾರರು ಬರೆದಿದ್ದಾರೆ. ಹದಿಮೂರರಲ್ಲಿ ವೆನಿಸ್ಸಿನ ಹಾಸ್ಯ ಆಪೆರಾದಲ್ಲಿ ಪ್ರಧಾನ ಬಾಸ್ ವಾದಕ. ಮರುವರ್ಷ ಸಾನ್ ಬೆನೆದೆತ್ತೊ ನಾಟಕಶಾಲೆಯ ಗಂಭೀರ ಆಪೆರಾದಲ್ಲಿ ಅದೇ ಸ್ಥಾನ. ನಮ್ಮಲ್ಲಿಯೂ ಬಾಲಪ್ರತಿಭೆಗಳ ಇಂಥ ಕಥೆಗಳು ಹೇರಳವಾಗಿವೆ. ಸ್ವಲ್ಪ ಉಪ್ಪುಖಾರ ಸೇರಿರಬಹುದೆಂದು ಓದುವುದೇ ಲೇಸು. ಆದರೆ ಮುಂದಿನ ಎಪ್ಪತ್ತು ವರ್ಷ ಅವನು ನುಡಿಸಿದ ರೀತಿಗೆ ಸಾಕ್ಷಿಗಳು ಬೇಕಾದಷ್ಟಿವೆ.

1787ರಲ್ಲಿ ಅವನು ಸಂತ ಮಾರ್ಕರ ಮಹಾದೇವಾಲಯದ ವಾದ್ಯವೃಂದವನ್ನು ಸೇರಿದನು. ವೆನಿಸ್ಸಿನ ಸಂಗೀತಗಾರನಿಗೆ ಅದಕ್ಕಿಂತ ದೊಡ್ಡ ಮನ್ನಣೆಯಿರಲಿಲ್ಲ. ಈ ಅವಧಿಯಲ್ಲಿಯೇ ವಿಚೆಂಝಾ ಪಟ್ಟಣದ ಮಠವೊಂದರಿಂದ ಅವನ ಕೈಸೇರಿದ ವಾದ್ಯ, ಬ್ರೆಶಿಯಾ ನಗರದ ಗಾಸ್ಪಾರೊ ದ ಸಾಲೊ ಮಾಡಿದ್ದೆಂದು ಪ್ರಸಿದ್ಧವಾದುದು. ಗಾಸ್ಪಾರೊ 1609ರಲ್ಲಿಯೇ ತೀರಿಕೊಂಡಿದ್ದನು. ಎಂದರೆ ಡ್ರಾಗೊನೆಟ್ಟಿಯ ಕೈಗೆ ಬರುವ ಹೊತ್ತಿಗೆ ವಾದ್ಯಕ್ಕೆ ಇನ್ನೂರರ ಹತ್ತಿರ ವಯಸ್ಸು. ಅಂದಿನ ರೂಢಿಯಂತೆ ಅವನು ಅದಕ್ಕೆ ಮೂರೇ ತಂತಿಗಳನ್ನು ಕಟ್ಟಿದನು. ಕುರಿಯ ಕರುಳಿನ ದಪ್ಪ ತಂತಿಗಳವು. ಅವನ್ನು ಒತ್ತಿ ಹಿಡಿಯಲು ಬೇಕಾದ ಬಲವನ್ನು ನೆನೆದರೆ ಅವನ ಅಸಾಧಾರಣ ಗಾತ್ರದ ಕೈಗಳನ್ನು ಅಂದಿನವರು ಏಕೆ ಅಷ್ಟು ಬಣ್ಣಿಸಿದರೆಂದು ಅರ್ಥವಾಗುತ್ತದೆ. ಪಾದುವಾದ ಸನ್ಯಾಸಿಮಠದಲ್ಲಿ ತಂಗಿದ್ದಾಗ ನಡುರಾತ್ರಿಯಲ್ಲಿ ಬಾಸನ್ನು ಮೊಳಗಿಸಿ ಗುಡುಗು ಮಳೆಯ ಭ್ರಮೆ ಹುಟ್ಟಿಸಿ, ಮಠವಾಸಿಗಳನ್ನೆಲ್ಲ ಹಾಸಿಗೆಯಿಂದ ಎಬ್ಬಿಸಿದನೆಂಬ ಕಥೆಯೊಂದಿದೆ. ಕಥೆ ನಿಜವೋ ಅಲ್ಲವೋ, ಅವನ ನಾದದ ಗಾತ್ರವೆಷ್ಟೆಂಬುದನ್ನಂತೂ ಅದು ಹೇಳುತ್ತದೆ.

1794ರಲ್ಲಿ ಡ್ರಾಗೊನೆಟ್ಟಿ ಲಂಡನ್ನಿನ ಕಿಂಗ್ಸ್ ಥಿಯೇಟರಿನ ಆಪೆರಾ ಕೆಲಸಕ್ಕೆಂದು ಊರು ಬಿಟ್ಟನು. ಹೊರಟಾಗ ಅದು ದೇವಾಲಯದಿಂದ ಪಡೆದ ರಜೆಯಷ್ಟೆ. ಆದರೆ 1797ರಲ್ಲಿ ನೆಪೋಲಿಯನ್ನನ ದಂಡಯಾತ್ರೆಗೆ ಸಿಕ್ಕಿ ವೆನಿಸ್ಸಿನ ಗಣರಾಜ್ಯವೇ ಇಲ್ಲವಾಯಿತು. ಉದ್ಯೋಗಕ್ಕೆಂದು ನಾಲ್ಕು ದಿನದ ಮಟ್ಟಿಗೆ ಪರಸ್ಥಳಕ್ಕೆ ಬಂದು ಅಲ್ಲಿಯೇ ನೆಲೆನಿಂತುಬಿಡುವ ಅನುಭವ ನಮ್ಮ ಓದುಗರಲ್ಲಿ ಬಹುಮಂದಿಗೆ ಹೊಸದಲ್ಲ. ಅವನು ಮಧ್ಯೆ ಮಧ್ಯೆ ಸಂಚಾರ ಹೋದನಾದರೂ ಕಡೆಯವರೆಗೂ, ಸುಮಾರು 52 ವರ್ಷ, ಲಂಡನ್ನಿನವನಾಗಿಯೇ ಬಾಳಿದನು.

ಆ 52 ವರ್ಷಗಳಲ್ಲಿ ಅವನ ಮಗ್ಗುಲಿಗಿದ್ದವನು ಚೆಲ್ಲೊ ವಾದಕ ರಾಬರ್ಟ್ ಲಿಂಡ್ಲಿ. ಆಪೆರಾದಲ್ಲಿಯೂ ನಗರದ ಮುಖ್ಯ ಕಛೇರಿಗಳಲ್ಲಿಯೂ ಇಬ್ಬರೂ ಒಂದೇ ಸ್ವರಪೀಠದ ಮುಂದೆ ಕುಳಿತು ನುಡಿಸಿದರು. ಒಬ್ಬ ಇಂಗ್ಲಿಷಿನವ, ಇನ್ನೊಬ್ಬ ಇಟಲಿಯವ. ಗಾಯಕನು ಮಾತಿನ ಧಾಟಿಯಲ್ಲಿ ಹಾಡುವ ಭಾಗಗಳಿಗೆ ಈ ಜೋಡಿ ಒತ್ತಾಸೆಯಾಗಿ ನುಡಿಸುವುದನ್ನು ಕೇಳಲೆಂದೇ ಜನ ಬರುತ್ತಿದ್ದರಂತೆ. ಕೊರೆಲ್ಲಿಯ ಸೊನಾಟಾಗಳನ್ನು ಇಬ್ಬರೇ ನುಡಿಸಿದಾಗ, ತೀರ ಹಳೆಯದೆನಿಸಿದ್ದ ಆ ಸಂಗೀತಕ್ಕೆ ಇಂಗ್ಲೆಂಡಿನ ಊರೂರಿನ ಸಂಗೀತೋತ್ಸವಗಳಲ್ಲಿ ಮತ್ತೆ ಕರತಾಡನ ದೊರೆಯಿತು. ಅರ್ಧ ಶತಮಾನದ ಪಕ್ಕವಾದ್ಯದ ಗೆಳೆತನವೆಂದರೆ ಸಾಮಾನ್ಯವೇ?

ಸಂಭಾವನೆಯ ವಿಷಯದಲ್ಲಿ ಮಾತ್ರ ಡ್ರಾಗೊನೆಟ್ಟಿ ಬಲು ಖಡಾಖಂಡಿತ. ವಾದ್ಯವೃಂದದಲ್ಲಿ ಹಿಂದೆ ನಿಲ್ಲುವವರಿಗೆ ಕೊಟ್ಟಷ್ಟು ಸಾಕೆಂಬ ರೂಢಿಯನ್ನು ಅವನು ಒಪ್ಪಲಿಲ್ಲ. ಕಾರ್ಯಕ್ರಮ ನಡೆಸುವವರೊಡನೆ ಪತ್ರಗಳ ಮೂಲಕ ಚೌಕಾಸಿ ಮಾಡಿ, ತನಗೆ ಸಲ್ಲಬೇಕಾದುದನ್ನು ಮೊದಲೇ ಗೊತ್ತುಮಾಡಿಕೊಳ್ಳುತ್ತಿದ್ದನು. ಪ್ರಧಾನ ಪಿಟೀಲು ವಾದಕರಿಗೆ ಸರಿಸಾಟಿಯಾಗಿ, ಕೆಲವೊಮ್ಮೆ ಅವರಿಗಿಂತ ಮಿಗಿಲಾಗಿ, ಪಡೆಯುತ್ತಿದ್ದನು. 1825ರಲ್ಲಿ ಲಂಡನ್ನಿನ ಫಿಲ್‌ಹಾರ್ಮೊನಿಕ್ ಸೊಸೈಟಿಯು ಬೀಥೋವನ್ನನ ಒಂಬತ್ತನೆಯ ಸಿಂಫನಿಯನ್ನು ಆ ನಗರದಲ್ಲಿ ಮೊದಲ ಬಾರಿಗೆ ನುಡಿಸಿತು. ಅದರ ಕೊನೆಯ ಭಾಗದಲ್ಲಿ ಮನುಷ್ಯಕಂಠ ಏಳುವುದಕ್ಕೆ ಮುನ್ನ ಚೆಲ್ಲೊ ಮತ್ತು ಬಾಸುಗಳೇ ಮಾತನಾಡುವಂತೆ ದೀರ್ಘವಾಗಿ ನುಡಿಯಬೇಕು. ಆ ಸ್ವರಲಿಪಿಯನ್ನು ಮೊದಲೇ ಕಂಡಿದ್ದರೆ ಎರಡರಷ್ಟು ಹಣ ಕೇಳುತ್ತಿದ್ದೆನೆಂಬ ಭಾವದ ಪತ್ರವನ್ನು ಅವನು ಬರೆದನು. ಇದನ್ನು ದುರಾಸೆಯೆಂದವರು ಅಂದೂ ಇದ್ದರು. ನಮಗೆ ಹಾಗೆನಿಸುವುದಿಲ್ಲ. ಪಕ್ಕವಾದ್ಯದವರ ಕವರಿನಲ್ಲಿ ಏನಿರುತ್ತದೆಂದು ಬಲ್ಲ ಸಂಘಸಂಸ್ಥೆಗಳವರು ಈ ಪ್ರಸಂಗವನ್ನು ಸ್ವಲ್ಪ ನಿಧಾನವಾಗಿ ಓದಲೆಂದು ನಮ್ಮ ಅಪೇಕ್ಷೆ.

ಬೀಥೋವನ್ನನಿಗೂ ಡ್ರಾಗೊನೆಟ್ಟಿಗೂ ಭೇಟಿಯಾದುದು ಅದಕ್ಕೆ ಬಹಳ ಹಿಂದೆ, 1799ರಲ್ಲಿ, ವಿಯೆನ್ನಾದಲ್ಲಿ. ಲಂಡನ್ನಿನಲ್ಲಿ ಪರಿಚಯವಾಗಿದ್ದ ಹಿರಿಯ ಹೈಡನ್ನನೂ ಆ ನಗರದಲ್ಲಿಯೇ ಇದ್ದನು. ಬೀಥೋವನ್ನನಿಗೆ ಆಗ 28ರ ಪ್ರಾಯ. ಒಂದೂ ಸಿಂಫನಿ ಇನ್ನೂ ಜನರ ಮುಂದೆ ಬಂದಿರಲಿಲ್ಲ. ಡ್ರಾಗೊನೆಟ್ಟಿ ಮುಂದೆ ತಾನೇ ಹೇಳಿದಂತೆ, ಬೀಥೋವನ್ನನ ಕೋಣೆಯಲ್ಲಿ ಅವನದೇ ಚೆಲ್ಲೊ ಸೊನಾಟಾವೊಂದನ್ನು, ಐದನೆಯ ಕೃತಿಸಂಖ್ಯೆಯ ಎರಡನೆಯದನ್ನು, ಡಬಲ್ ಬಾಸಿನ ಮೇಲೆ ನುಡಿಸಿದನು. ಪಿಯಾನೊ ನುಡಿಸುತ್ತಿದ್ದ ಬೀಥೋವನ್ ಕಣ್ಣನ್ನು ಜೊತೆಗಾರನ ಮೇಲಿಂದ ತೆಗೆಯದೆ, ಮುಗಿದೊಡನೆ ಎದ್ದು ಬಂದು ವಾದಕನನ್ನೂ ವಾದ್ಯವನ್ನೂ ಒಟ್ಟಿಗೇ ಬಾಚಿ ತಬ್ಬಿಕೊಂಡನಂತೆ. ಅಲ್ಲಿಯವರೆಗೆ ಸಿಂಫನಿಗಳಲ್ಲಿ ಬಾಸುಗಳು ಸಾಮಾನ್ಯವಾಗಿ ಚೆಲ್ಲೊ ನುಡಿಸಿದುದನ್ನೇ ಒಂದು ಸ್ಥಾಯಿ ಕೆಳಗೆ ನುಡಿಸುತ್ತಿದ್ದವು. ಕಷ್ಟವಾದ ಕಡೆ ಸರಳಗೊಳಿಸಿಯೂ ಬಿಡುತ್ತಿದ್ದರು. 1808ರಲ್ಲಿ ಮೊದಲು ಕೇಳಿಬಂದ ಐದನೆಯ ಸಿಂಫನಿಯ ಮೂರನೆಯ ಭಾಗದ ನಡುವಿನಲ್ಲಿ ಬಾಸು ಚೆಲ್ಲೊಗಳೇ ಮುಂದಾಗಿ ನುಗ್ಗಿ ಓಡುತ್ತವೆ, ಮುಗ್ಗರಿಸಿದಂತೆ ನಿಲ್ಲುತ್ತವೆ, ಮತ್ತೆ ಓಡುತ್ತವೆ. ಇಂಥ ಕಡೆಗಳಲ್ಲಿ ಬಾಸಿನಿಂದ ಬೀಥೋವನ್ ಇಷ್ಟೊಂದು ಕೇಳಲು ಆ ಬೆಳಗಿನ ಸೊನಾಟಾವೇ ಧೈರ್ಯ ಕೊಟ್ಟಿತೆಂದು ಸಂಗೀತಗಾರರಲ್ಲಿ ಅನೇಕರು ನಂಬುತ್ತಾರೆ. ಸಿದ್ಧಮಾಡಿ ತೋರಿಸುವಂಥ ವಿಷಯವಲ್ಲವಾದರೂ ನಂಬಲು ನಮಗೂ ಇಷ್ಟವೇ.

ಮನುಷ್ಯನಾಗಿ ಅವನು ವಿಚಿತ್ರ ವ್ಯಕ್ತಿ. ಮದುವೆಯಾಗಲಿಲ್ಲ. ಐವತ್ತು ವರ್ಷ ಲಂಡನ್ನಿನಲ್ಲಿದ್ದೂ ಇಂಗ್ಲಿಷ್ ಒಲಿಯಲಿಲ್ಲ. ಊರಿನ ಆಡುಮಾತು, ಫ್ರೆಂಚು, ಇಂಗ್ಲಿಷುಗಳನ್ನು ಕಲಸಿ ಒಂದೇ ವಾಕ್ಯದಲ್ಲಿ ಬಡಿಸುತ್ತಿದ್ದನು. ಕನ್ನಡ, ಮರಾಠಿ, ಹಿಂದಿಗಳ ನಡುವೆ ಬೆಳೆಯುವ ನಮ್ಮ ಮನೆಗಳ ಮಕ್ಕಳ ಮಾತು ಕೇಳಿದವರಿಗೆ ಇದರ ಸೊಗಸು ವಿವರಿಸಬೇಕಾಗಿಲ್ಲ. ಕಾರ್ಲೊ ಎಂಬ ಅವನ ನಾಯಿ ಕಛೇರಿಯ ಹೊತ್ತಿನಲ್ಲಿ ವಾದ್ಯವೃಂದದ ನಡುವೆ ಅವನ ಬಳಿಯೇ ಮಲಗಿರುತ್ತಿತ್ತು. ಚಿತ್ರಗಳು, ನಶ್ಯದ ಡಬ್ಬಿಗಳು, ಹಳೆಯ ವಾದ್ಯಗಳು ಇವುಗಳ ಜೊತೆಗೆ ಬೊಂಬೆಗಳನ್ನೂ ಕೂಡಿಹಾಕಿದ್ದನು; ಪ್ರವಾಸಕ್ಕೆ ಹೋದಾಗ ಕೆಲವನ್ನು ಜೊತೆಗೊಯ್ಯುತ್ತಿದ್ದನು. ಸಂಭಾವನೆಗೆ ಅಷ್ಟು ಹಟ ಹಿಡಿಯುತ್ತಿದ್ದವನು ಗೆಳೆಯರೊಡನೆ ಮಗುವಿನಂತಿದ್ದನೆಂಬುದು ಅವನನ್ನು ಬಲ್ಲವರ ಮಾತು.

1845ರ ಆಗಸ್ಟ್ ತಿಂಗಳಲ್ಲಿ ಬಾನ್ ನಗರದಲ್ಲಿ ಬೀಥೋವನ್ನನ ಪ್ರತಿಮೆಯ ಅನಾವರಣ ನಡೆಯಿತು. ಯುರೋಪಿನ ಸಂಗೀತಲೋಕವೇ ಅಲ್ಲಿ ನೆರೆದಿತ್ತು. ಐದನೆಯ ಸಿಂಫನಿಗೆ 13 ಡಬಲ್ ಬಾಸುಗಳು. ಅವುಗಳ ಮುಂದಾಳಾಗಿ ನಿಂತವನು 82 ವರ್ಷದ ಡ್ರಾಗೊನೆಟ್ಟಿ. ನಲವತ್ತಾರು ವರ್ಷಗಳ ಹಿಂದೆ ತನ್ನನ್ನು ವಾದ್ಯಸಹಿತ ತಬ್ಬಿಕೊಂಡವನು ಈಗ ಕಂಚಿನ ಪ್ರತಿಮೆಯಾಗಿ ನಿಂತ ಊರಿನಲ್ಲಿ ಮುದುಕನು ಆ ಮೂರನೆಯ ಭಾಗವನ್ನು ನುಡಿಸಿದನು. ಮುಂದಿನ ವರ್ಷ, 1846ರ ಏಪ್ರಿಲ್ 16ರಂದು, ಲಂಡನ್ನಿನಲ್ಲಿ ತೀರಿಕೊಂಡನು. ಆಪೆರಾ ಸ್ವರಲಿಪಿಗಳ 182 ಸಂಪುಟಗಳು ಅವನ ಉಯಿಲಿನಂತೆ ಬ್ರಿಟಿಷ್ ಮ್ಯೂಸಿಯಮ್ಮಿಗೆ ಸೇರಿದವು.

ಅವನ ತರುವಾಯ ಬಾಸ್ ವಾದನದ ದಾರಿ ಕವಲೊಡೆಯಿತು. ಹೊರಕ್ಕೆ ಬಾಗಿದ ಅವನ ಕಮಾನನ್ನು ಅಂಗೈ ಕೆಳಗೆ ಬರುವಂತೆ ಹಿಡಿಯಬೇಕಿತ್ತು. ಇಂಗ್ಲೆಂಡಿನಲ್ಲಿ ಅದು ಬಹುಕಾಲ ನಡೆಯಿತು. 1821ರಲ್ಲಿ ಹುಟ್ಟಿದ ಬೊತ್ತೆಸಿನಿ ಚೆಲ್ಲೊ ಕಮಾನಿನಂತೆ ಮೇಲಿನಿಂದ ಹಿಡಿದು ನುಡಿಸಿ ಹೆಸರಾದನು. ಇಂದಿಗೂ ಕಲಿಯುವವರು ಕೆಳಹಿಡಿತದ ಜರ್ಮನ್ ಕಮಾನು, ಮೇಲ್ಹಿಡಿತದ ಫ್ರೆಂಚ್ ಕಮಾನು ಇವೆರಡರಲ್ಲಿ ಒಂದನ್ನು ಆರಿಸಿಕೊಳ್ಳಬೇಕು. ಎಡಗೈಗೂ ಬೇರೆಯೇ ಶಿಸ್ತು: ಕೆಳಗಿನ ಸ್ವರಗಳಲ್ಲಿ ತೋರುಬೆರಳು, ನಡುಬೆರಳು, ಕಿರುಬೆರಳುಗಳಷ್ಟೇ ಸ್ವರ ಹಿಡಿಯುತ್ತವೆ, ಉಂಗುರಬೆರಳು ಕಿರುಬೆರಳಿಗೆ ಆಸರೆಯಾಗಿರುತ್ತದೆ, ತಾರದಲ್ಲಿ ಹೆಬ್ಬೆರಳೂ ತಂತಿಯ ಮೇಲೇರುತ್ತದೆ. ಮಕ್ಕಳಿಗೆ ಕಾಲು, ಅರೆ ಅಳತೆಯ ವಾದ್ಯಗಳಿವೆ. ದೊಡ್ಡವರು ನುಡಿಸುವುದೂ ಬಹುಮಟ್ಟಿಗೆ ಮುಕ್ಕಾಲು ಅಳತೆಯದೇ ಎಂದರೆ ಕೇಳಿದವರು ನಗುತ್ತಾರೆ.

ಕಲಿಯುವ ಮಕ್ಕಳು ಡ್ರಾಗೊನೆಟ್ಟಿಯ ಹೆಸರನ್ನು ಹೆಚ್ಚಾಗಿ ಮೊದಲು ಕಾಣುವುದು ಎ ಮೇಜರಿನ ಒಂದು ಕಾನ್ಸೆರ್ಟೊದ ಮೇಲೆ. ಅದು ಅವನದಲ್ಲವೆಂದೂ, 1872ರಲ್ಲಿ ಹುಟ್ಟಿದ ಫ್ರಾನ್ಸಿನ ಬಾಸ್ ವಾದಕ ಎದುವಾರ್ ನಾನಿ ತಾನೇ ರಚಿಸಿ ಹಿರಿಯನ ಹೆಸರಿನಲ್ಲಿ ಪ್ರಕಟಿಸಿದನೆಂದೂ ಇಂದು ವಿದ್ವಾಂಸರು ಒಪ್ಪುತ್ತಾರೆ. ಅವನದೇ ರಚನೆಗಳ ಹಸ್ತಪ್ರತಿಗಳು ಲಂಡನ್ನಿನ ಗ್ರಂಥಾಲಯದಲ್ಲಿವೆ. ಗಾಸ್ಪಾರೊ ವಾದ್ಯವನ್ನು ಮಾತ್ರ ಅವನು ಲಂಡನ್ನಿಗೆ ಬಿಡಲಿಲ್ಲ. ರಜೆ ಪಡೆದು ಹೊರಟುಬಂದಿದ್ದ ಸಂತ ಮಾರ್ಕರ ದೇವಾಲಯಕ್ಕೇ ಅದನ್ನು ಬರೆದಿಟ್ಟನು. ವೆನಿಸ್ಸಿಗೆ ಪ್ರವಾಸ ಹೋಗುವವರು ಅಲ್ಲಿನ ವಸ್ತುಸಂಗ್ರಹಾಲಯದಲ್ಲಿ ಅದನ್ನು ನೋಡಬಹುದು.