ಗಂಗಾಮೂಲದಿಂದ ಕೇಡಗಾಂವಕ್ಕೆ

ನಮ್ಮ ಕೊಂಢವಾದಿಂದ ಹಡಪಸರ ದಾಟಿ ಸೊಲ್ಲಾಪುರ ರಸ್ತೆ ಹಿಡಿದರೆ ಕೇಡಗಾಂವ ಬಹಳ ದೂರವೇನಲ್ಲ. ಅಲ್ಲಿ ಪಂಡಿತಾ ರಮಾಬಾಯಿ ಕಟ್ಟಿದ ಮುಕ್ತಿ ಮಿಷನ್ ಇದೆ. ಪುಣೆಯ ಮರಾಠಿ ಗೆಳೆಯರು ರಮಾಬಾಯಿ ತಮ್ಮವರು ಅಂತಾರೆ, ಅದು ಸರಿಯೇ. ಆದರೆ ಅವರು ಹುಟ್ಟಿದ್ದು ತುಂಗಾ ಭದ್ರಾ ಹುಟ್ಟುವ ಗಂಗಾಮೂಲದ ಕಾಡಿನಲ್ಲಿ, ತಂದೆಯ ಊರು ಕಾರ್ಕಳದ ಹತ್ತಿರದ ಮಾಳ ಎಂಬುದು ನಮ್ಮವರಲ್ಲೇ ಎಷ್ಟು ಮಂದಿಗೆ ಗೊತ್ತು?

ಅವರ ಬಗ್ಗೆ ಬರೆಯಲು ಇನ್ನೊಂದು ಕಾರಣವೂ ಉಂಟು. ನಮ್ಮ ಗೆಳೆಯರು ಕೆಲವರು ಧ್ಯಾನದ ಗುಂಪು, ಆತ್ಮಜಾಗೃತಿಯ ಶಿಬಿರ ಅಂತ ಹೋಗಿಬರ್ತಾರೆ. ಹೋದವರಿಗೆ ಸಮಾಧಾನ ಸಿಕ್ಕಿದ್ದು ಸುಳ್ಳಲ್ಲ. ಆಮೇಲೆ ಒಂದೊಂದೇ ಕರಾರು ಬರ್ತದೆ: ಇದನ್ನು ತಿನ್ನಬೇಡ, ಅವರ ಜೊತೆ ಬೆರೆಯಬೇಡ, ಹಿರಿಯರು ಹೇಳಿದ್ದಕ್ಕೆ ಎದುರಾಡಬೇಡ. ಯಾಕೆ ಅಂತ ಕೇಳಿದರೆ ಅದಕ್ಕೆ ಅಹಂಕಾರ ಎಂಬ ಹೆಸರು. ಆಗೆಲ್ಲ ನನಗೆ ರಮಾಬಾಯಿಯವರ ನೆನಪಾಗುತ್ತದೆ.

ಹುಟ್ಟಿದ್ದು 1858ರ ಏಪ್ರಿಲ್ 23. ತಂದೆ ಅನಂತಶಾಸ್ತ್ರಿ ಡೋಂಗರೆ ಹೆಂಡತಿ ಲಕ್ಷ್ಮೀಬಾಯಿಗೆ ಸಂಸ್ಕೃತ ಕಲಿಸಿದ್ದಕ್ಕೆ ಉಡುಪಿಯಲ್ಲಿ ಪಂಡಿತರ ಮುಂದೆ ಸಮರ್ಥನೆ ಕೊಡಬೇಕಾಯಿತು. ಮಗಳಿಗೆ ಆರು ತಿಂಗಳಾದಾಗ ಬೆತ್ತದ ಪೆಟ್ಟಿಗೆಯಲ್ಲಿ ಹೊತ್ತುಕೊಂಡು ಮನೆ ಬಿಟ್ಟರು. ಅಲ್ಲಿಂದ ಪುರಾಣ ಹೇಳುತ್ತ ಕ್ಷೇತ್ರದಿಂದ ಕ್ಷೇತ್ರಕ್ಕೆ ತಿರುಗಾಟ. ಇದ್ದ ಹಣವೆಲ್ಲ ದಾನಧರ್ಮಕ್ಕೆ ಹೋಯಿತು. ಬರಗಾಲ ಬಂತು. 1874ರಲ್ಲಿ ತಂದೆ, ಅವರ ಹಿಂದೆಯೇ ತಾಯಿ, ಆಮೇಲೆ ಅಕ್ಕ ತೀರಿಕೊಂಡರು. ತಾಯಿಯ ಹೆಣ ಹೊರಲು ಜನ ಸಿಗಲಿಲ್ಲ. ರಮಾಬಾಯಿ ಕುಳ್ಳಗಿದ್ದರು, ಭುಜಕ್ಕೆ ಎಟುಕದೆ ಚಟ್ಟವನ್ನು ತಲೆಯ ಮೇಲೆ ಹೊತ್ತರು. ವ್ರತ, ಉಪವಾಸ ಒಂದನ್ನೂ ಬಿಡದೆ ನಡೆಸಿದ ಕುಟುಂಬ ಅದು. ಹೀಗಿರುವಾಗ ಪ್ರಶ್ನೆ ಏಳದೆ ಇರುತ್ತದೆಯೇ?

ಅಣ್ಣನ ಜೊತೆ ನಡೆಯುತ್ತ 1878ರಲ್ಲಿ ಕಲಕತ್ತೆ ಮುಟ್ಟಿದರು. ಅಲ್ಲಿಯ ವಿದ್ವಾಂಸರು ಪಂಡಿತಾ, ಸರಸ್ವತಿ ಎಂಬ ಬಿರುದು ಕೊಟ್ಟರು. ಹೆಂಗಸರು ವೇದ ಓದಬಾರದು ಅಂದುಕೊಂಡಿದ್ದವರ ಕೈಗೆ ಬ್ರಾಹ್ಮ ಸಮಾಜದ ಕೇಶವಚಂದ್ರ ಸೇನರು ವೇದವನ್ನೇ ಇತ್ತರು. 1880ರಲ್ಲಿ ಅಣ್ಣ ಢಾಕಾದಲ್ಲಿ ತೀರಿಕೊಂಡ. ಅದೇ ವರ್ಷ ಜಾತಿ ಬಿಟ್ಟು ಬಿಪಿನ್ ಬಿಹಾರಿ ದಾಸರನ್ನು ಮದುವೆಯಾದರು. ಎರಡು ವರ್ಷ ತುಂಬುವ ಮೊದಲೇ ಕಾಲರಾದಿಂದ ಗಂಡ ಹೋದರು. ಕೈಯಲ್ಲಿ ಎಳೆಮಗಳು ಮನೋರಮಾ. 1882ರಲ್ಲಿ ಪುಣೆಗೆ ಬಂದು ಆರ್ಯ ಮಹಿಳಾ ಸಮಾಜ ಕಟ್ಟಿದರು. ವೈದ್ಯಕೀಯ ಓದಬೇಕೆಂಬ ಆಸೆಯಿಂದ 1883ರಲ್ಲಿ ಇಂಗ್ಲೆಂಡಿಗೆ ಹಡಗು ಹತ್ತಿದರು. ಕಿವಿ ಸರಿಯಾಗಿ ಕೇಳಿಸದ ಕಾರಣ ಆ ಓದು ಆಗಲಿಲ್ಲ.

ನಾನು ಹೇಳಬೇಕೆಂದಿದ್ದ ಕಥೆ ಇಲ್ಲಿಂದ ಶುರು. ವಾಂಟೇಜ್ ಎಂಬ ಊರಿನಲ್ಲಿ ಸಂತ ಮೇರಿಯ ಹೆಸರಿನ ಕ್ರೈಸ್ತ ಸನ್ಯಾಸಿನಿಯರ ಮಠ. ಅವರೇ ಇಳಿದುಕೊಳ್ಳಲು ಜಾಗ ಕೊಟ್ಟರು. ದಾರಿ ತಪ್ಪಿದವರೆಂದು ಲೋಕ ದೂರವಿಟ್ಟ ಹೆಂಗಸರನ್ನು ಈ ಸನ್ಯಾಸಿನಿಯರು ಕರೆದು ಆರೈಕೆ ಮಾಡುತ್ತಿದ್ದುದನ್ನು ಕಂಡು ರಮಾಬಾಯಿ ಕರಗಿದರು. ಆದರೆ ಜೊತೆಗೆ ಬಂದಿದ್ದ ಆನಂದೀಬಾಯಿ ಭಗತ ಅದೇ ವಾಂಟೇಜಿನಲ್ಲಿ ಪ್ರಾಣ ಕಳೆದುಕೊಂಡರು. ಆ ನೋವು ಆರುವ ಮೊದಲೇ, 1883ರ ಸೆಪ್ಟೆಂಬರ್ 29ರಂದು ತಾಯಿ ಮಗಳಿಬ್ಬರಿಗೂ ದೀಕ್ಷಾಸ್ನಾನವಾಯಿತು.

ಸೇರಿದ್ದಾಯಿತು, ಇನ್ನು ಹೇಳಿದಂತೆ ಕೇಳ್ತಾರೆ ಅಂತ ಮಠದವರು ಎಣಿಸಿರಬೇಕು. ಹಾಗಾಗಲಿಲ್ಲ ನೋಡ್ರಿ. ಕೊರಳಿಗೆ ಹಾಕುವ ಶಿಲುಬೆಯ ಮೇಲೆ ಲ್ಯಾಟಿನ್ ಅಕ್ಷರ ಯಾಕೆ, ಸಂಸ್ಕೃತ ಇರಲಿ ಎಂದರು. ತಂದೆ, ಮಗ, ಪವಿತ್ರಾತ್ಮ ಮೂವರೂ ಒಬ್ಬರೇ ಎಂಬುದು ಬುದ್ಧಿಗೆ ಒಪ್ಪುವವರೆಗೆ ಬಾಯಲ್ಲಿ ಹೇಳುವುದಿಲ್ಲ ಎಂದರು. ಸಸ್ಯಾಹಾರ ಬಿಡಲಿಲ್ಲ, ಮೊಟ್ಟೆ ಹಾಕಿದ ಸಿಹಿಯನ್ನೂ ಮುಟ್ಟಲಿಲ್ಲ. ಚೆಲ್ಟನಮ್ಮಿನ ಮಹಿಳಾ ಕಾಲೇಜಿನಲ್ಲಿ ಅವರು ಕಲಿಯುತ್ತ ಕಲಿಸುತ್ತ ಇದ್ದಾಗ ಗಂಡು ಹುಡುಗರಿಗೆ ಪಾಠ ಹೇಳುವ ಮಾತು ಎದ್ದಿತು. ಹಿಂದೂಸ್ತಾನದಲ್ಲಿದ್ದ ಬಿಷಪ್ಪರು ಅದು ಕೂಡದು ಅಂದರು. ದೇಶವಿಡೀ ಗಂಡಸರ ಸಭೆಗಳಲ್ಲಿ ಪುರಾಣ ಹೇಳಿ ಬಂದವರಿಗೆ ಈ ಮಾತು! ತಾವು ಒಪ್ಪಿದ್ದು ಕ್ರಿಸ್ತನನ್ನು, ಚರ್ಚಿನ ಅಧಿಕಾರಿಗಳ ಅಪ್ಪಣೆಯನ್ನಲ್ಲ ಎಂಬ ಧಾಟಿಯಲ್ಲಿ ಕಾಗದದ ಮೇಲೆ ಕಾಗದ ಹೋದವು. ಆ ಕಡೆ ಇದ್ದವರು ಸಿಸ್ಟರ್ ಜೆರಾಲ್ಡಿನ್. ರಮಾಬಾಯಿಯವರ ಧರ್ಮಮಾತೆಯೂ ಅವರೇ, ಇದೆಲ್ಲ ಸೊಕ್ಕು ಎಂದು ನೊಂದುಕೊಂಡವರೂ ಅವರೇ. ಕಾಲೇಜಿನ ಪ್ರಿನ್ಸಿಪಾಲ್ ಡೊರೊಥಿಯಾ ಬೀಲ್ ಮಾತ್ರ ವಾದಕ್ಕೆ ವಾದವೇ ಉತ್ತರ ಎಂದು ತಿಳಿದವರು.

ಕೇಳುವುದೇನೋ ಸುಲಭ. ಆದರೆ ಹೊತ್ತಿಗೆ ಅನ್ನ, ತಂಗಲು ಸೂರು ಅದೇ ಗುಂಪಿನದು. ಮಗಳು ವಾಂಟೇಜಿನಲ್ಲಿ, ಅವರ ಸುಪರ್ದಿನಲ್ಲೇ. ತಾನು ಒಪ್ಪದ ತತ್ವವನ್ನು ಮಗುವಿಗೆ ಬಾಯಿಪಾಠ ಮಾಡಿಸಕೂಡದು ಎಂಬುದೇ ಇಬ್ಬರ ನಡುವಿನ ದೊಡ್ಡ ಜಗಳವಾಯಿತು. ಋಣ ಒಂದು ಕಡೆ, ಪ್ರಶ್ನೆ ಒಂದು ಕಡೆ. ಅವರು ಋಣ ಮರೆಯಲಿಲ್ಲ, ಪ್ರಶ್ನೆಯನ್ನೂ ಬಿಡಲಿಲ್ಲ. ಗುಂಪು ಬಿಟ್ಟೋಡುವುದು ಇದಕ್ಕಿಂತ ಹಗುರ ಅಂತ ನನಗನಿಸುತ್ತದೆ.

1886ರಲ್ಲಿ ಅಮೆರಿಕಕ್ಕೆ ಹೋದರು. ಅಲ್ಲಿ ಪುಸ್ತಕ ಬರೆದು, ಊರೂರು ತಿರುಗಿ, ಹಣ ಕೂಡಿಸಿ 1889ರ ಮಾರ್ಚ್ 11ರಂದು ಮುಂಬಯಿಯಲ್ಲಿ ವಿಧವೆಯರಿಗಾಗಿ ಶಾರದಾ ಸದನ ತೆರೆದರು. ಮರುವರ್ಷ ಅದು ಪುಣೆಗೆ ಬಂತು. ಧರ್ಮದ ಒತ್ತಾಯವಿಲ್ಲ ಎಂಬುದು ಕರಾರು. ಹುಡುಗಿಯರು ತಮ್ಮ ಜಾತಿಯ ಆಚಾರ ಪಾಲಿಸಬಹುದಿತ್ತು. ಮುಂದೆ ಧೋಂಡೋ ಕೇಶವ ಕರ್ವೆಯವರ ಕೈಹಿಡಿದ ಗೋದೂಬಾಯಿ ಇಲ್ಲಿ ಕಲಿತವರೇ.

ಈಗ ಪ್ರಶ್ನೆ ತಿರುಗಿ ಅವರ ಕಡೆಗೇ ಬಂತು. ರಮಾಬಾಯಿ ತಮ್ಮ ಕೋಣೆಯ ಬಾಗಿಲು ತೆರೆದಿಟ್ಟು ಪ್ರಾರ್ಥನೆ ಮಾಡುವರು. ಬೇಕಾದ ಹುಡುಗಿ ಬಂದು ಕೂತಾಳು. ಬಾಗಿಲು ತೆರೆದದ್ದೇ ಅಪರಾಧವೇ ಎಂಬುದು ಅವರ ನಿಲುವು. ಟಿಳಕರ ಕೇಸರಿ ಪತ್ರಿಕೆ ಹರಿಹಾಯ್ದಿತು. 1893ರಲ್ಲಿ ರಾನಡೆ, ಭಾಂಡಾರಕರ ಸಲಹಾ ಮಂಡಳಿಯಿಂದ ಹೊರಬಂದರು; 20ಕ್ಕೂ ಹೆಚ್ಚು ಹುಡುಗಿಯರನ್ನು ಮನೆಯವರು ಬಿಡಿಸಿಕೊಂಡು ಹೋದರು. ಟೀಕಿಸಿದ ಎಲ್ಲರಿಗೂ ವಿಧವೆಯರ ಮೇಲೆ ಪ್ರೀತಿ ಇತ್ತು ಅಂತ ನಾನು ನಂಬೋದಿಲ್ಲ. ಆದರೂ ಒಂದು ಮಾತು ಚುಚ್ಚುತ್ತದೆ. ಊಟ ಹಾಕಿದವರ ತೆರೆದ ಬಾಗಿಲು ಹನ್ನೆರಡು ವರ್ಷದ ಅನಾಥೆಗೆ ಬರೀ ಬಾಗಿಲಾಗಿ ಕಾಣುತ್ತದೆಯೇ? ವಾಂಟೇಜಿನಲ್ಲಿ ಆ ಭಾರ ಉಂಡವರು ಅವರೇ ಅಲ್ಲವೆ.

ಆಮೇಲೆ ಕೇಡಗಾಂವ. 1896-97ರ ಬರದಲ್ಲಿ ಮಧ್ಯಪ್ರಾಂತದಿಂದ ನೂರಾರು ಹೆಣ್ಣುಮಕ್ಕಳನ್ನು ಕರೆತಂದರು. 1900ರ ಗುಜರಾತಿನ ಬರದ ನಂತರ ಮುಕ್ತಿಯ ಸಂಸಾರ ಎರಡು ಸಾವಿರದ ಹತ್ತಿರ ಹೋಯಿತು. ನೇಯ್ಗೆ, ಬೇಸಾಯ, ಅಚ್ಚುಕೆಲಸ ಎಲ್ಲ ಅಲ್ಲೇ. 1905ರಲ್ಲಿ ಹುಡುಗಿಯರಲ್ಲಿ ದೊಡ್ಡ ಆತ್ಮಜಾಗೃತಿ ಎದ್ದು, ಗಟ್ಟಿಯಾಗಿ ಅಳುತ್ತ ಪ್ರಾರ್ಥಿಸತೊಡಗಿದಾಗ ಕೆಲವು ಮಿಷನರಿಗಳೇ ಮೂಗು ಮುರಿದರು. ರಮಾಬಾಯಿ ಅದನ್ನು ತಡೆಯಲಿಲ್ಲ. ತರ್ಕ ಹಿಡಿದು ಬಿಷಪ್ಪರ ಜೊತೆ ಕಾದಿದ ಹೆಂಗಸು ಇಲ್ಲಿ ಸುಮ್ಮನೆ ನಿಂತದ್ದು ನನಗಂತೂ ಒಗಟೇ.

ಮನೋರಮಾ ನಮ್ಮ ಗುಲ್ಬರ್ಗದಲ್ಲಿ ಶಾಲೆ ನಡೆಸಿದರು. 1921ರಲ್ಲಿ ಆಕೆ ತಾಯಿಗಿಂತ ಮೊದಲೇ ಹೋದರು. ರಮಾಬಾಯಿ ತೀರಿಕೊಂಡದ್ದು 1922ರ ಏಪ್ರಿಲ್ 5. ಕೊನೆಯ ವರ್ಷಗಳೆಲ್ಲ ಬೈಬಲ್ಲನ್ನು ಮರಾಠಿಗೆ ತರುವುದರಲ್ಲಿ ಕಳೆದವು. ಇನ್ನೊಬ್ಬರ ಅನುವಾದದ ಮೇಲೆ ಭರವಸೆ ಸಾಲದೆ ಹೀಬ್ರೂ, ಗ್ರೀಕ್ ಎರಡನ್ನೂ ಕಲಿತಿದ್ದರು. ಅವರು ಹೋದ ಮೇಲೆ ಪುಸ್ತಕ ಕೇಡಗಾಂವದ ಮುದ್ರಣಾಲಯದಲ್ಲೇ ಅಚ್ಚಾಗಿ ಹೊರಬಂತು. ಮೊಳೆ ಜೋಡಿಸಿದವರು ಆಶ್ರಮದ ಹೆಣ್ಣುಮಕ್ಕಳು.