ಕೊನೆಯ ಸಾಲಿನ ಕೇಳುಗನೂ ಚೌಡಯ್ಯನವರ ಏಳು ತಂತಿಯೂ

ಕಾವೇರಿಯೂ ಕಪಿಲೆಯೂ ಕೂಡುವ ತಿರುಮಕೂಡಲಿನಲ್ಲಿ ಮೂರನೆಯದಾಗಿ ಸ್ಫಟಿಕ ಸರೋವರವೂ ಗುಪ್ತವಾಗಿ ಬಂದು ಸೇರುತ್ತದೆಂದು ಜನ ನಂಬುತ್ತಾರೆ. ಕಣ್ಣಿಗೆ ಕಾಣುವುವು ಎರಡು ಹೊಳೆಗಳು ಮಾತ್ರ. ಮೂರನೆಯದನ್ನು ಭಾವದಿಂದಲೇ ಕಾಣಬೇಕು. ಆ ಊರಿನಲ್ಲಿ ೧೮೯೫ರಲ್ಲಿ ಹುಟ್ಟಿದ ಚೌಡಯ್ಯನವರು ಮುಂದೆ ಪಿಟೀಲಿನ ನಾಲ್ಕು ತಂತಿಗಳ ಜೊತೆಗೆ ಬೇರೆ ಮೂರು ತಂತಿಗಳನ್ನು ಕೂಡಿಸಿದರು. ಪಿಟೀಲು ಚೌಡಯ್ಯ ಎಂದರೆ ಸಾಕು, ಸಂಗೀತದ ಗಂಧವಿಲ್ಲದವರಿಗೂ ಆ ಏಳು ತಂತಿಗಳ ನೆನಪಾಗುತ್ತದೆ. ಅವು ಏಕೆ ಬಂದುವು, ಅವಕ್ಕಾಗಿ ಅವರು ಏನನ್ನು ತೆತ್ತರು ಎಂಬುದನ್ನು ಮಾತ್ರ ನಾವು ಅಷ್ಟಾಗಿ ವಿಚಾರಿಸಿಲ್ಲ.

ಸಂಗೀತಶಾಸ್ತ್ರದಲ್ಲಿ ನನಗೆ ಅಧಿಕಾರವಿಲ್ಲ. ಸಿಂಧನೂರಿನಲ್ಲಿ ಕನ್ನಡ ಸಾಹಿತ್ಯವನ್ನು ಬೋಧಿಸುವ ಅಧ್ಯಾಪಕ ನಾನು. ನಮ್ಮ ಭಾಗದ ಕಿವಿಗಳಿಗೆ ಹಿಂದೂಸ್ತಾನೀ ಪದ್ಧತಿಯೇ ಹೆಚ್ಚು ಪರಿಚಿತ. ಆದರೂ ಚೌಡಯ್ಯನವರ ಬಾಳಿನಲ್ಲಿ ಸಂಗೀತಗಾರರಲ್ಲದವರೂ ಯೋಚಿಸಬೇಕಾದ ಒಂದು ಸಂಗತಿಯಿದೆ. ಕೊನೆಯ ಸಾಲಿನಲ್ಲಿ ಕುಳಿತವನಿಗೂ ತನ್ನ ಕಲೆ ಮುಟ್ಟಬೇಕೆಂದು ಬಯಸುವ ಕಲಾವಿದನು ತನ್ನ ಉಪಕರಣವನ್ನು ಎಷ್ಟರಮಟ್ಟಿಗೆ ಮಾರ್ಪಡಿಸಬಹುದು? ಮಾರ್ಪಡಿಸಿದ ಮೇಲೆ ಉಪಕರಣದ ಪಾಲೆಷ್ಟು, ಅವನ ಕೈಯ ಪಾಲೆಷ್ಟು? ಅವರ ಜೀವನವನ್ನು ನಾನು ಈ ಪ್ರಶ್ನೆಯ ಬೆಳಕಿನಲ್ಲಿ ನೋಡಬಯಸುತ್ತೇನೆ.

ಚೌಡಯ್ಯನವರು ಮೈಸೂರಿಗೆ ಬಂದು ಬಿಡಾರಂ ಕೃಷ್ಣಪ್ಪನವರ ಗುರುಕುಲವನ್ನು ಸೇರಿದ್ದು ೧೯೧೦ರಲ್ಲಿ. ಸುಮಾರು ಎಂಟು ವರ್ಷಗಳ ಕಾಲ ಅಲ್ಲಿ ಅವರ ಶಿಕ್ಷಣ ನಡೆಯಿತು. ಕೃಷ್ಣಪ್ಪನವರು ಹೆಸರಾಂತ ಗಾಯಕರು. ದಾಸರ ದೇವರನಾಮಗಳಿಗೆ ಕಚೇರಿಯಲ್ಲಿ ಘನತೆಯನ್ನು ತಂದುಕೊಟ್ಟವರು. ಮೈಸೂರಿನಲ್ಲಿ ಸೀತಾರಾಮ ಮಂದಿರವನ್ನು ಕಟ್ಟಿಸಿ ಸಂಗೀತಕ್ಕೆ ನೆಲೆ ಒದಗಿಸಿದವರು. ಪಿಟೀಲು ಕಲಿಯುವ ಶಿಷ್ಯನಿಗೆ ಗಾಯಕರು ಗುರುವಾದದ್ದು ಒಂದು ವಿಶೇಷ. ತಂತಿಯ ಮೇಲೆ ಬೆರಳಾಡುವಾಗ ಶಿಷ್ಯನ ಕಿವಿ ಗುರುವಿನ ಕಂಠವನ್ನೇ ಹಿಂಬಾಲಿಸಬೇಕಾಗಿದ್ದಿತು. ಪಿಟೀಲು ಹಾಡಬೇಕು ಎಂಬ ಹಂಬಲ ಚೌಡಯ್ಯನವರಲ್ಲಿ ಬೇರೂರಿದ್ದು ಆಗಲೇ ಎಂದು ಊಹಿಸಿದರೆ ತಪ್ಪಾಗಲಾರದು.

ಇಲ್ಲಿಯೇ ತೊಡಕೂ ಇದ್ದಿತು. ಪಿಟೀಲು ಪಶ್ಚಿಮದಿಂದ ಬಂದ ವಾದ್ಯ. ಹತ್ತೊಂಬತ್ತನೆಯ ಶತಮಾನದ ಮೊದಲ ಭಾಗದಲ್ಲಿ ಬಾಲುಸ್ವಾಮಿ ದೀಕ್ಷಿತರೇ ಮೊದಲಾದವರು ಅದನ್ನು ನಮ್ಮ ಸಂಗೀತಕ್ಕೆ ಒಗ್ಗಿಸಿದರು. ನೆಲದ ಮೇಲೆ ಕುಳಿತು, ವಾದ್ಯದ ತಲೆಯನ್ನು ಪಾದದ ಬಳಿ ಆನಿಸಿ ನುಡಿಸುವ ನಮ್ಮ ಕ್ರಮದಲ್ಲಿ ಅದು ಗಮಕಕ್ಕೆ ಚೆನ್ನಾಗಿ ಬಾಗಿತು. ಆದರೆ ಅದರ ದನಿ ಸಣ್ಣದು. ಅರಮನೆಯ ತೊಟ್ಟಿಯಲ್ಲಿಯೋ ಶ್ರೀಮಂತರ ಹಜಾರದಲ್ಲಿಯೋ ಅದು ಸಾಕಾಗಿದ್ದಿತು. ಸಾವಿರಾರು ಜನ ನೆರೆಯುವ ಚಪ್ಪರಗಳಿಗೆ ಕಚೇರಿ ಬಂದಾಗ ಸಾಲದಾಯಿತು. ನಮ್ಮ ಸೀಮೆಯ ದೊಡ್ಡಾಟವನ್ನು ಕಂಡವರಿಗೆ ಈ ಕಷ್ಟ ಅರ್ಥವಾಗುತ್ತದೆ. ಮೈಕು ಇಲ್ಲದ ಕಾಲದಲ್ಲಿ ಬಯಲಿನ ಕೊನೆಯಲ್ಲಿ ಕಂಬಳಿ ಹೊದ್ದು ಕುಳಿತವನಿಗೂ ಕೇಳಲೆಂದು ವೇಷಧಾರಿಗಳು ಕಂಠವನ್ನು ತಾರಕಕ್ಕೆ ಏರಿಸಿ ಬೆಳಗಿನವರೆಗೆ ಹಾಡಬೇಕಾಗುತ್ತಿದ್ದಿತು. ಮನುಷ್ಯ ತನ್ನ ಕಂಠವನ್ನು ಏರಿಸಬಲ್ಲ. ಪಿಟೀಲಿನ ಮರದ ಹೊಟ್ಟೆ ಇದ್ದಷ್ಟೇ ಇರುತ್ತದೆ. ಕಮಾನನ್ನು ಒತ್ತಿದಷ್ಟೂ ದನಿ ದೊಡ್ಡದಾಗದೆ ಕರ್ಕಶವಾಗುತ್ತದೆ.

೧೯೨೭ರಲ್ಲಿ ಚೌಡಯ್ಯನವರು ಇದಕ್ಕೊಂದು ಉಪಾಯವನ್ನು ಕಂಡುಕೊಂಡರು. ನಾಲ್ಕು ತಂತಿಗಳಲ್ಲಿ ಮೂರಕ್ಕೆ ಒಂದೊಂದು ಜೊತೆ ತಂತಿಯನ್ನು ಕಟ್ಟಿ ಏಳು ಮಾಡಿದರು. ಕೇಳುವುದಕ್ಕೆ ಇದು ಸರಳ. ಮಾಡಿ ನೋಡಿದವರಿಗೆ ಗೊತ್ತು, ವಾದ್ಯದ ಇಡೀ ಸಂಸಾರವೇ ಬದಲಾಗುತ್ತದೆ. ಬಿರಡೆಗಳು ಏಳಾಗಬೇಕು, ಕುದುರೆಯ ಮೇಲೆ ಏಳಕ್ಕೂ ಜಾಗ ಬೇಕು, ತಂತಿಗಳ ಬಿಗಿತವೆಲ್ಲ ಮರದ ಮೇಲೆ ಬೀಳುತ್ತದೆ. ಶ್ರುತಿ ಮಾಡುವ ಕೆಲಸ ಹೆಚ್ಚುತ್ತದೆ. ಒಂದೇ ಬೆರಳು ಎರಡು ತಂತಿಗಳನ್ನು ಒಟ್ಟಿಗೆ, ಒಂದೇ ನೇರದಲ್ಲಿ ಒತ್ತಬೇಕು. ಕಮಾನು ಎರಡನ್ನೂ ಸಮವಾಗಿ ಸವರಬೇಕು. ಬೆರಳು ಕೂದಲೆಳೆಯಷ್ಟು ಓರೆಯಾದರೂ ಎರಡು ತಂತಿಗಳು ಪರಸ್ಪರ ಜಗಳವಾಡತೊಡಗುತ್ತವೆ. ನಾಲ್ಕು ತಂತಿಯ ಪಿಟೀಲಿನಲ್ಲಿ ಒಂದಾಗಿ ಕೇಳುವ ತಪ್ಪು ಇಲ್ಲಿ ಇಮ್ಮಡಿಯಾಗಿ ಕೇಳುತ್ತದೆ. ವರ್ಷಗಟ್ಟಲೆ ದುಡಿದು ಗಳಿಸಿದ ಕೈಯನ್ನು ಈ ಹೊಸ ವಾದ್ಯದ ಮುಂದೆ ಮತ್ತೊಮ್ಮೆ ಶಿಷ್ಯನಂತೆ ಕೂರಿಸುವ ಧೈರ್ಯ ಎಲ್ಲರಿಗೂ ಬರತಕ್ಕದ್ದಲ್ಲ.

ಬಂದ ಫಲವೂ ದೊಡ್ಡದೇ. ಅವರ ಧ್ವನಿಮುದ್ರಿಕೆಗಳನ್ನು ಕೇಳಿದಾಗ ಒಂದೇ ಸ್ವರವನ್ನು ಹಿರಿಯ ಕಂಠವೊಂದೂ ಕಿರಿಯ ಕಂಠವೊಂದೂ ಕೂಡಿ ಹಾಡಿದಂತೆ ನನಗೆ ತೋರುತ್ತದೆ. ಸ್ವರದ ಹಿಂದೆ ಇನ್ನೊಂದು ಸ್ವರದ ನೆರಳು. ಆ ನೆರಳಿನಿಂದ ಮೊದಲಿನದಕ್ಕೆ ಒಂದು ತುಂಬು. ಸದ್ದು ಹೆಚ್ಚುವುದು ಒಂದು, ನಾದ ತುಂಬಿಕೊಳ್ಳುವುದು ಇನ್ನೊಂದು. ಚೌಡಯ್ಯನವರು ಮೊದಲನೆಯದನ್ನು ಅರಸಿ ಹೊರಟು ಎರಡನೆಯದನ್ನೂ ಪಡೆದರು.

ಅದೇ ೧೯೨೭ರಲ್ಲಿ ದೂರದ ಲಾಸ್ ಏಂಜಲೀಸ್ ನಗರದಲ್ಲಿಯೂ ಇಂಥದೇ ಹುಡುಕಾಟ ನಡೆದಿದ್ದಿತೆಂಬುದು ಸೋಜಿಗದ ಸಂಗತಿ. ವಾದ್ಯವೃಂದದ ಗದ್ದಲದಲ್ಲಿ ಗಿಟಾರಿನ ದನಿ ಮುಳುಗಿಹೋಗುತ್ತಿದ್ದುದರಿಂದ ಜಾನ್ ದೋಪ್ಯೇರಾ, ಜಾರ್ಜ್ ಬೋಷಾಂ ಎಂಬುವರು ಗಿಟಾರಿನ ಒಡಲಿನಲ್ಲಿ ತೆಳುಲೋಹದ ಶಂಕುಗಳನ್ನಿಟ್ಟು ಅದನ್ನು ಮೊಳಗುವಂತೆ ಮಾಡಿದರು. ಕೆಲವೇ ವರ್ಷಗಳಲ್ಲಿ ಬೋಷಾಂ ವಿದ್ಯುತ್ ಗಿಟಾರನ್ನೂ ಮಾಡಿ ಲೋಹದ ಶಂಕುಗಳ ಅಗತ್ಯವನ್ನೇ ಕುಗ್ಗಿಸಿದನು. ಆದರೆ ವಿದ್ಯುತ್ತು ಸದ್ದನ್ನು ಕೊಟ್ಟಿತು, ಸ್ಥಳವನ್ನು ಕೊಡಲಿಲ್ಲ. ಹಜಾರದ ಗೋಡೆಗಳು ದನಿಯನ್ನು ಹಿಂದಿರುಗಿಸುವಾಗ ಉಂಟಾಗುವ ತೇವ ಅದರಲ್ಲಿ ಇರಲಿಲ್ಲ. ಆ ಕೊರತೆಯನ್ನು ತುಂಬಲು ೧೯೬೧ರಲ್ಲಿ ಫೆಂಡರ್ ಕಂಪನಿ ಸುರುಳಿ ತಂತಿಗಳ ಮೂಲಕ ನಾದವನ್ನು ಹಾಯಿಸುವ ರಿವರ್ಬ್ ಪೆಟ್ಟಿಗೆಯನ್ನು ಮಾರಾಟಕ್ಕೆ ತಂದಿತು. ಇಂದು ಅದೇ ಕೆಲಸವನ್ನು ಅಂಗೈಯಗಲದ, ಕಾಲಿನಿಂದ ಒತ್ತುವ ಪೆಡಲು ಮಾಡುತ್ತದೆ.

ಈ ಪೆಡಲಿನ ಪರಿಚಯ ನನಗಾದದ್ದು ಒಬ್ಬ ವಿದ್ಯಾರ್ಥಿಯಿಂದ. ಅಶೋಕನ ಹೆಸರನ್ನು ಹೊತ್ತ ಶಾಸನದಿಂದ ಪ್ರಸಿದ್ಧವಾದ ಮಸ್ಕಿ ಅವನ ಊರು. ಮದುವೆಗಳ ವಾದ್ಯಗೋಷ್ಠಿಗಳಲ್ಲಿ ಗಿಟಾರು ನುಡಿಸಿ ಕೂಡಿಟ್ಟ ಹಣದಲ್ಲಿ ಅವನು ರಿವರ್ಬ್ ಪೆಡಲೊಂದನ್ನು ಆರಿಸಬೇಕಾಗಿದ್ದಿತು. ಲಿಂಗಸುಗೂರಿನ ಗೆಳೆಯನ ಮನೆಯಲ್ಲಿ ಎರಡು ಪೆಡಲುಗಳನ್ನು ಎರವಲು ತಂದು ಪರೀಕ್ಷಿಸುವಾಗ ನನ್ನನ್ನೂ ಕರೆದನು. ಒಂದು ಗುಂಡಿ ಅನುರಣನ ಎಷ್ಟು ಹೊತ್ತು ಉಳಿಯಬೇಕೆಂಬುದನ್ನು ನಿಯಮಿಸುತ್ತದೆ; ಇನ್ನೊಂದು ಮೂಲ ನಾದದೊಡನೆ ಅದು ಎಷ್ಟು ಬೆರೆಯಬೇಕೆಂಬುದನ್ನು. ಹುಡುಗ ಮೊದಲು ಎರಡನ್ನೂ ಪೂರ್ತಿ ತಿರುಗಿಸಿದನು. ಆ ಸಣ್ಣ ಕೋಣೆ ಗುಮ್ಮಟವಾಯಿತು. ವಿಳಂಬದ ಸ್ವರಗಳು ಸೊಗಸಾಗಿ ತೇಲಿದುವು. ದ್ರುತಕ್ಕೆ ಬಂದಾಗ ಒಂದರ ಬಾಲ ಇನ್ನೊಂದರ ತಲೆಗೆ ಸುತ್ತಿಕೊಂಡು ಎಲ್ಲವೂ ರಾಡಿಯಾಯಿತು. ಗುಂಡಿಗಳನ್ನು ಮೆಲ್ಲಮೆಲ್ಲನೆ ಇಳಿಸುತ್ತ ಬಂದೆವು. ಕಡೆಗೆ ಒಂದು ಹಂತದಲ್ಲಿ ಪೆಡಲು ಇರುವುದೇ ತಿಳಿಯಲಿಲ್ಲ. ಅದನ್ನು ನಿಲ್ಲಿಸಿದಾಗ ಮಾತ್ರ ಏನೋ ಬತ್ತಿದಂತಾಯಿತು. ಹುಡುಗ ಅಲ್ಲಿಯೇ ನಿಂತನು. ಎರಡು ಪೆಡಲುಗಳಲ್ಲಿ ಆ ಹಂತವನ್ನು ಸುಲಭವಾಗಿ ಮುಟ್ಟಿದುದನ್ನೇ ಆರಿಸಿದನು.

ಅನುರಣನ ಎಂಬ ಮಾತು ಸಾಹಿತ್ಯದ ವಿದ್ಯಾರ್ಥಿಗಳಿಗೆ ಹೊಸದಲ್ಲ. ಒಂಬತ್ತನೆಯ ಶತಮಾನದ ಕಾಶ್ಮೀರದ ಆನಂದವರ್ಧನನು ಕಾವ್ಯದಲ್ಲಿ ವಾಚ್ಯಾರ್ಥದ ಬೆನ್ನಲ್ಲೇ ಹೊಮ್ಮುವ ವ್ಯಂಗ್ಯಾರ್ಥದ ಒಂದು ಬಗೆಗೆ ಇದೇ ಹೋಲಿಕೆಯನ್ನು ಕೊಟ್ಟನು. ಘಂಟೆಯನ್ನು ಬಾರಿಸಿದ ಮೇಲೆ ಉಳಿಯುವ ಮೊಳಗಿನಂತೆ ಆ ಅರ್ಥ. ಪೆಟ್ಟು ಸರಿಯಾಗಿ ಬೀಳದಿದ್ದರೆ ಮೊಳಗು ಎಲ್ಲಿಂದ ಬಂದೀತು? ಪೆಡಲಿನಲ್ಲಿ ಮೊಳಗನ್ನು ಬೇಕಾದಷ್ಟು ಪಡೆಯಬಹುದು, ಕೈಯ ಹುರುಕನ್ನು ಅದರೊಳಗೆ ಸ್ವಲ್ಪಮಟ್ಟಿಗೆ ಮರೆಸಲೂಬಹುದು. ಚೌಡಯ್ಯನವರ ಜೊತೆ ತಂತಿ ಏನನ್ನೂ ಮರೆಸುವಂಥದಲ್ಲ. ಅದು ಕೈಯ ಗುಣದೋಷಗಳೆರಡನ್ನೂ ದೊಡ್ಡದಾಗಿ ಸಾರಿ ಹೇಳುತ್ತದೆ. ಕೊನೆಯ ಸಾಲಿನವನನ್ನು ಮುಟ್ಟುವುದಕ್ಕೆ ಅವರು ಆರಿಸಿಕೊಂಡ ದಾರಿ ತಮ್ಮ ಹೊರೆಯನ್ನು ಹೆಚ್ಚಿಸಿಕೊಳ್ಳುವ ದಾರಿ.

ಆ ದಾರಿ ಎಲ್ಲರಿಗೂ ಹಿಡಿಸಲಿಲ್ಲ. ನಾಲ್ಕು ತಂತಿಯ ಸೂಕ್ಷ್ಮತೆ, ತೆಳುವಾದ ನಯ ಇದರಲ್ಲಿ ಉಳಿಯುವುದೇ ಎಂದು ಸಂದೇಹಪಟ್ಟವರಿದ್ದರು. ಆ ಸಂದೇಹವನ್ನು ಸುಮ್ಮನೆ ತಳ್ಳಿಹಾಕುವಂತಿಲ್ಲ. ತುಂಬು ಬಂದೆಡೆಯಲ್ಲಿ ತೆಳುವು ಸ್ವಲ್ಪ ಹಿಂದೆ ಸರಿಯುವುದು ಸಹಜ. ಆದರೆ ಚೆಂಬೈ ವೈದ್ಯನಾಥ ಭಾಗವತರ ಗಂಭೀರ ಕಂಠ, ಪಾಲ್ಘಾಟ್ ಮಣಿ ಅಯ್ಯರರ ಮೃದಂಗ ಇವುಗಳ ನಡುವೆ ಚೌಡಯ್ಯನವರ ಪಿಟೀಲು ಅಡಗಿಹೋಗದೆ ಸರಿಸಮನಾಗಿ ನಿಂತಿತು. ಆ ಮೂವರ ಕೂಟವನ್ನು ದಕ್ಷಿಣ ದೇಶದ ರಸಿಕರು ಬಹುಕಾಲ ಮೆಚ್ಚಿ ಕೇಳಿದರು.

ಅಷ್ಟರಲ್ಲಿ ಕಚೇರಿಯ ವೇದಿಕೆಗೆ ಮೈಕು ಬಂದಿತು. ಸದ್ದಿಗಾಗಿ ತಂತಿ ಕಟ್ಟಬೇಕಾದ ಕಾರಣ ತೀರಿತು. ಕಾರಣ ತೀರಿದ ಮೇಲೂ ಚೌಡಯ್ಯನವರು ಏಳು ತಂತಿಗಳನ್ನು ಬಿಡಲಿಲ್ಲ. ಅಗತ್ಯದಿಂದ ಹುಟ್ಟಿದ್ದು ಅಷ್ಟರಲ್ಲಿ ಅವರ ಸ್ವಭಾವವಾಗಿದ್ದಿತು. ಆ ಏಳು ತಂತಿಗಳು ಕೇವಲ ಉಪಾಯವಾಗಿದ್ದರೆ ಮೈಕಿನೊಡನೆ ಮರೆಯಾಗುತ್ತಿದ್ದುವು. ಉಳಿದುಬಂದುದರಿಂದಲೇ ಅವು ಕಲೆಯ ಅಂಗವೆಂದು ತಿಳಿಯುತ್ತದೆ.

ವಾದ್ಯವೊಂದರಲ್ಲೇ ಅವರ ಉತ್ಸಾಹ ಮುಗಿಯಲಿಲ್ಲ. ಮೈಸೂರು ಆಸ್ಥಾನ ವಿದ್ವಾಂಸರಾದರು. ಮೈಸೂರಿನಲ್ಲಿ ಅಯ್ಯನಾರ್ ಸಂಗೀತ ಕಾಲೇಜನ್ನು ನಡೆಸಿ ಕಲಿಯುವವರಿಗೆ ದಾರಿ ಮಾಡಿದರು. ಹುಟ್ಟೂರಿನ ಸಂಗಮವನ್ನು ನೆನೆದು ತ್ರಿಮಕುಟ ಎಂಬ ಅಂಕಿತದಿಂದ ಕೃತಿಗಳನ್ನು ರಚಿಸಿದರು. ೧೯೪೩ರಲ್ಲಿ ತೆರೆಗೆ ಬಂದ ವಾಣಿ ಎಂಬ ಕನ್ನಡ ಚಲನಚಿತ್ರವನ್ನು ನಿರ್ಮಿಸಿ ಅದರಲ್ಲಿ ಕಾಣಿಸಿಕೊಂಡರು. ಗುರು ಕೃಷ್ಣಪ್ಪನವರು ೧೯೩೧ರಲ್ಲಿ ತೀರಿಕೊಂಡಿದ್ದರು. ಶಿಷ್ಯನಿಗೆ ೧೯೫೭ರಲ್ಲಿ ಮದರಾಸಿನ ಸಂಗೀತ ವಿದ್ವತ್ಸಭೆಯ ಸಂಗೀತ ಕಲಾನಿಧಿ ಬಿರುದು ಬಂದುದನ್ನು ನೋಡಲು ಅವರಿರಲಿಲ್ಲ. ಹತ್ತು ವರ್ಷಗಳ ತರುವಾಯ, ೧೯೬೭ರ ಜನವರಿ ೧೯ರಂದು, ಚೌಡಯ್ಯನವರೂ ಕಣ್ಮರೆಯಾದರು.

ಅವರ ಬಳಿಕ ಶಿಷ್ಯರಾದ ಆರ್. ಆರ್. ಕೇಶವಮೂರ್ತಿಯವರು ಏಳು ತಂತಿಯ ಪಿಟೀಲನ್ನು ಬಹುಕಾಲ ನುಡಿಸಿದರು. ಆದರೂ ಆ ವಾದ್ಯ ಹೆಚ್ಚಾಗಿ ಹಬ್ಬಲಿಲ್ಲ. ಇಂದಿನ ಪಿಟೀಲುಗಾರರಲ್ಲಿ ಬಹುಮಂದಿ ನಾಲ್ಕು ತಂತಿಗೇ ಹಿಂದಿರುಗಿದ್ದಾರೆ. ಬೇಕಾದ ಸದ್ದನ್ನು ಯಂತ್ರ ಕೊಡುತ್ತದೆ, ಬೇಕಾದ ಅನುರಣನವನ್ನೂ ಯಂತ್ರವೇ ಕೊಡುತ್ತದೆ. ಇದರಿಂದ ಚೌಡಯ್ಯನವರ ಸಾಧನೆ ಸೋತಿತೆಂದು ಯಾರೂ ಭಾವಿಸಬೇಕಾಗಿಲ್ಲ. ತನ್ನ ಕಾಲದ ಕೇಳುಗನಿಗೆ ಅವರು ಸಲ್ಲಿಸಬೇಕಾದುದನ್ನು ಸಲ್ಲಿಸಿದರು. ಬೆಂಗಳೂರಿನಲ್ಲಿ ೧೯೮೦ರಲ್ಲಿ ಕೆ. ಕೆ. ಮೂರ್ತಿಯವರು ಪಿಟೀಲಿನ ಆಕಾರದಲ್ಲಿಯೇ ಕಟ್ಟಿಸಿದ ಚೌಡಯ್ಯ ಸ್ಮಾರಕ ಭವನ ಅವರ ಹೆಸರನ್ನು ಹೊತ್ತು ನಿಂತಿದೆ. ದೊಡ್ಡ ಸಭೆಗೆ ಸಾಲದಾಗಿದ್ದ ಸಣ್ಣ ವಾದ್ಯದ ಒಡಲಿನೊಳಗೆ ಈಗ ಸಭೆಯೇ ಕುಳಿತಿದೆ. ಕೊನೆಯ ಸಾಲೂ ಅದರೊಳಗೇ ಇದೆ.